ಕ್ಯಾರವಾನಿನ ಹಗ್ಗಕ್ಕೆ ಬಿದ್ದ ಗಂಟು

ಸತ್ತವರು ಬರುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ನನ್ನ ಗಂಡ ಬದುಕಿದ್ದಾಗಲೇ ಹೊತ್ತಿಗೆ ಸರಿಯಾಗಿ ಮನೆಗೆ ಬಂದವರಲ್ಲ, ಸತ್ತ ಮೇಲೆ ಬರುತ್ತಾರೆಯೇ? ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಅಲ್ಲ. ಆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಕೆಲವು ವರ್ಷಗಳ ಹಿಂದೆ ಅಳಿಯ ಹರೀಶ ಹಳೆಯ ಮಿನಿ ಬಸ್ಸೊಂದನ್ನು ಕುಲಶೇಖರದ ಗ್ಯಾರೇಜಿನಲ್ಲಿ ಕ್ಯಾರವಾನ್ ಮಾಡಿಸಿದ. ಒಳಗೇ ಮಂಚ, ಒಲೆ, ಮೇಲೆ ಗಾಳಿಗೊಂದು ಕಿಂಡಿ. ಮೇ ತಿಂಗಳಲ್ಲಿ ಮಗಳು, ಮೊಮ್ಮಗಳು, ನನ್ನನ್ನು ಕೂರಿಸಿಕೊಂಡು ತಣ್ಣೀರುಬಾವಿಯ ಕಡಲ ಬದಿಗೆ ಹೋದ. ತೆಂಗಿನಕಾಯಿ ಬಿದ್ದೀತೆಂದು ಮರಗಳಿಂದ ದೂರ, ಬಯಲು ಹೊಯಿಗೆಯಲ್ಲಿ, ಬರೀ ಮರಳಿನ ಮೇಲೆ, ನಿಲ್ಲಿಸಿದೆವು. ಕಡಲ ಗಾಳಿಗೆ ಅಲ್ಲಿ ತಡೆಯೇ ಇರಲಿಲ್ಲ.

ಹೊಸ ಗಾಡಿಯ ಮೊದಲ ಊಟವೆಂದು ಮಗಳು ತೀರಿಹೋದ ಅಪ್ಪನಿಗೂ ಒಂದು ಎಲೆ ಬಡಿಸಿಟ್ಟಳು.

"ಅವರಿಗೆ ಎಂತಕ್ಕೆ ಮೀನು ಸಾರು? ಬೆಕ್ಕು ತಿಂತದೆ" ಎಂದೆ.

"ಬೆಕ್ಕಾದರೂ ತಿನ್ನಲಿ. ನಿನಗೆಂತ ಅಮ್ಮ?"

ಸಂಜೆಗೆ ಮೊದಲೇ ಕಡಲು ಕಪ್ಪಾಯಿತು, ಮಳೆ ಸುರಿಯತೊಡಗಿತು. ಗಾಳಿ ಒಂದೇ ಏಟಿಗೆ ಗಾಡಿಯ ಬದಿಗೆ ಕಂಬ ಕೊಟ್ಟು ಕಟ್ಟಿದ್ದ ನೆರಳು ಬಟ್ಟೆಯನ್ನು ಕಿತ್ತಿತು. ಅದರ ಕಬ್ಬಿಣದ ಕಂಬ ಕಿಟಕಿ ಒಡೆದು ಒಳಗೆ ಬಂತು. ಕಿಂಡಿಯ ಮುಚ್ಚಳ ಹಾರಿತು. ಒಳಹೊಕ್ಕ ಗಾಳಿ ಚಾವಣಿಯ ಶೀಟನ್ನು ಡಬ್ಬದ ಮುಚ್ಚಳದ ಹಾಗೆ ಎಬ್ಬಿಸತೊಡಗಿತು. ಗಾಡಿ ಒಂದು ಬದಿಯ ಚಕ್ರ ಎತ್ತಿ ಎತ್ತಿ ಕುಕ್ಕುತ್ತಿತ್ತು. ಶೀಟು ಹೋದರೆ ಗಾಡಿ ಮಗುಚುತ್ತದೆ, ಮಗು ಉಳಿಯುವುದಿಲ್ಲ.

ಹರೀಶ ಟರ್ಪಾಲು, ಹಗ್ಗ ಹಿಡಿದು ಹಿಂದಿನ ಏಣಿ ಹತ್ತಿದ. "ಮಾಮಿ, ಬಾಗಿಲು ಬಿಡಬೇಡಿ" ಎಂದದ್ದು ಕೇಳಿತು. ಆಮೇಲೆ ಅವನು ಕೆಳಗೆ ಬಿದ್ದದ್ದು ಕೇಳಿತು. ಎಳೆದು ಒಳಗೆ ಹಾಕಿಕೊಂಡೆವು. ಮೊಣಕೈ ಹಿಂದಕ್ಕೆ ತಿರುಗಿತ್ತು. ಟರ್ಪಾಲು, ಹಗ್ಗ ಗಾಳಿಯ ಪಾಲು. ನಾನು ಮೊಮ್ಮಗಳ ಮೇಲೆ ಕವುಚಿ ಮಲಗಿದೆ.

ಆಗ ಚಾವಣಿಯ ಮೇಲೆ ಯಾರೋ ನಡೆದರು. ಭಾರದ ಕಾಲು. ಹಗ್ಗ ಎಳೆದ ಸದ್ದು. ಕಿಂಡಿ ಕತ್ತಲಾಯಿತು, ಶೀಟಿನ ಬಡಿತ ನಿಂತಿತು.

"ಯಾರು ಮಾರಾಯ ಮೇಲೆ?" ಎಂದು ಕೂಗಿದೆ. ಉತ್ತರ ಇಲ್ಲ.

ಗಾಳಿ ನಿಂತ ಮೇಲೆ ಹೊರಗೆ ಬಂದೆ. ಯಾರೂ ಇರಲಿಲ್ಲ. ಹೆಜ್ಜೆ ಗುರುತೂ ಇರಲಿಲ್ಲ. ಅಂಥ ಮಳೆಗೆ ಉಳಿಯುವುದೂ ಇಲ್ಲ, ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಟರ್ಪಾಲು ಚಾವಣಿಗೆ ಬಿಗಿದಿತ್ತು. ಗಾಡಿಯನ್ನೇ ಸುತ್ತಿ ಬಂದ ಹಗ್ಗ ಏಣಿಯ ಬಳಿ ಗಂಟು ಬಿದ್ದಿತ್ತು. ಆ ಗಂಟು ನನಗೆ ಗೊತ್ತು. ಬೋಟಿನ ಕೆಲಸ ಮಾಡುತ್ತಿದ್ದ ನನ್ನ ಗಂಡ ಬೈಹುಲ್ಲಿನ ಅಕ್ಕಿ ಮುಡಿಗೂ, ದನಕ್ಕೂ ಹಾಗೆಯೇ ಬಿಗಿಯುತ್ತಿದ್ದರು, ತುದಿಯನ್ನು ಎಡಕ್ಕೆ ತಿರುಗಿಸಿ ಒಳಗೆ ತುರುಕಿ. ಬಿಚ್ಚಲು ಯಾರಿಗೂ ಬರುವುದಿಲ್ಲ. ಅದಕ್ಕಾಗಿ ಎಷ್ಟು ಜಗಳ ಆಡಿದ್ದೇನೆ.

ಬೋಟಿನವರು ಬೇರೆಯವರೂ ಹಾಗೆ ಕಟ್ಟಬಹುದು. ಕಟ್ಟಿದವ ಮಾತಾಡದೆ ಯಾಕೆ ಹೋದ? ನನಗೆ ಗೊತ್ತಿಲ್ಲ.

ಹರೀಶನನ್ನು ಆಸ್ಪತ್ರೆಗೆ ಒಯ್ಯಬೇಕಿತ್ತು, ಮಗಳು ಗಾಡಿ ಓಡಿಸುವುದೆಂದರೆ ಹಗ್ಗ ಡ್ರೈವರನ ಬಾಗಿಲಿಗೆ ಅಡ್ಡ ಇತ್ತು. ಉಗುರಿನಲ್ಲಿ ಬಿಚ್ಚಲು ನೋಡಿದೆ, ಆಗಲಿಲ್ಲ. ಮೀನು ಕೊಯ್ಯುವ ಕತ್ತಿ ತಂದು, ಹಿಂದಿನಂತೆಯೇ ಬಾಯಿತುಂಬ ಬೈದು, ಕತ್ತರಿಸಿದೆ. ಯಾರಿಗೆ ಬೈದೆ ಎಂದು ಮಗಳು ಕೇಳಲಿಲ್ಲ. ಕೇಳಿದ್ದರೆ ನನಗೂ ಹೇಳಲು ಬರುತ್ತಿರಲಿಲ್ಲ.