ಉರ್ಕುಯಾ ಅಕ್ಕನ ನೀಲಿ ಡಬ್ಬಿ

ನಮ್ಮ ನಾರಿನ್ ಸೀಮೆಯಲ್ಲಿ ಉರ್ಕುಯಾ ಅಕ್ಕನಿಗೆ ಎದುರಾಡಿದವರಿಲ್ಲ. ವಯಸ್ಸು ಐವತ್ತಮೂರು. ಕುದುರೆ ಹಾಲು ಹುಳಿ ಬರಿಸಿ ಕುಮಿಸ್ ಮಾಡಿ ಮಾರುತ್ತಿದ್ದಳು. ನಾಲಿಗೆಯೂ ಅಷ್ಟೇ ಹುಳಿ. ಇಪ್ಪತ್ತು ವರ್ಷದಿಂದ ಈ ಊರಿನ ನರ್ಸ್ ಆಗಿರುವ ನನಗೇ ಸೂಜಿ ಹಿಡಿಯುವುದನ್ನು ಕಲಿಸಲು ಬರುತ್ತಿದ್ದಳು. ಅಂಥವಳು ಹೆದರಿದ್ದನ್ನು ನಾನು ನೋಡಿದ್ದು ಒಂದೇ ಸಲ. ಆ ಹೆದರಿಕೆ ನನಗೂ ಅಂಟಿತು.

ಆ ಬೇಸಿಗೆ ರಾಜಧಾನಿಯಿಂದ ಸಂಶೋಧಕರು ಬಂದಿದ್ದರು. ಮುಟ್ಟು ನಿಲ್ಲುವ ಮುಂಚೆ ಮತ್ತು ನಿಂತ ಮೇಲೆ ಹೆಂಗಸರ ಕರುಳು ಹೇಗಿರುತ್ತದೆ, ಮೂಳೆ ಹೇಗಿರುತ್ತದೆ, ಎರಡಕ್ಕೂ ಏನು ನಂಟು ಎಂದು ನೋಡಬೇಕಿತ್ತಂತೆ. ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ಮೂಳೆ ಅಳೆಸಿಕೊಳ್ಳಬೇಕು, ಡಬ್ಬಿಯಲ್ಲಿ ಮಲ ಕೊಡಬೇಕು. ಮುಟ್ಟಾಗುವವರಿಗೆ ಕೆಂಪು ಡಬ್ಬಿ, ನಿಂತವರಿಗೆ ನೀಲಿ. ಹೆಂಗಸರು ತಲೆವಸ್ತ್ರ ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು. ಒಬ್ಬಳೂ ಮುಂದೆ ಬರಲಿಲ್ಲ.

ಅವರನ್ನೆಲ್ಲ ಗದರಿಸಿ ಎಬ್ಬಿಸಿದವಳು ಉರ್ಕುಯಾ ಅಕ್ಕನೇ. "ನಮ್ಮಮ್ಮ ಮಂಜುಗಡ್ಡೆ ಮೇಲೆ ಜಾರಿ ತೊಡೆ ಮುರ್ಕೊಂಡು ನಾಲ್ಕು ತಿಂಗಳು ನರಳಿ ಸತ್ಲು. ಈಗ ನಕ್ಕೊಳ್ರೇ, ಬಿದ್ದಾಗ ಅಳೋದೂ ನೀವೇ," ಎಂದಳು. ನಲವತ್ತು ದಾಟಿದ ಮೂವತ್ತೊಂದು ಮಂದಿ ಹೆಸರು ಕೊಟ್ಟರು.

ಮುಂದಿನದು ನನಗೆ ತಿಳಿದದ್ದು ಆಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಡಬ್ಬಿ ಕೊಡುವ ಬೆಳಿಗ್ಗೆ ಅಕ್ಕನಿಗೆ ಏನು ಮಾಡಿದರೂ ಹೊರಕಡೆ ಆಗಲಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದವಳು ಖಾಲಿ ಡಬ್ಬಿ ಕೊಡುವುದೇ? ನಮ್ಮಲ್ಲಿ ಅತ್ತೆಯ ಕೆಲಸವೆಲ್ಲ ಸೊಸೆಯ ತಲೆಗೆ. ನೀರು ಹೊರುವವಳೂ ಅವಳೇ, ಚಹಾ ಬಗ್ಗಿಸುವವಳೂ ಅವಳೇ. ಅಕ್ಕ ಡಬ್ಬಿಯನ್ನೂ ಸೊಸೆ ಬೆರ್ಮೆತ್ ಕೈಗಿಟ್ಟಳು. "ನೀನೇ ತುಂಬ್ಸಿಬಿಡು. ಒಂದೇ ಮಡಕೇಲಿ ಉಣ್ಣೋರು, ಏನು ವ್ಯತ್ಯಾಸ?" ಇಪ್ಪತ್ತಾರರ ಆ ಹುಡುಗಿ ಎಂದಾದರೂ ಅತ್ತೆಗೆ ಇಲ್ಲ ಅಂದದ್ದುಂಟೇ.

ಮೂರು ವಾರಕ್ಕೆ ಫೋನ್ ಬಂತು. "ನೀಲಿ ಡಬ್ಬಿ, ಹದಿನಾಲ್ಕನೇ ನಂಬರು. ಮಲದಲ್ಲಿ ರಕ್ತ ಇದೆ. ಮುಟ್ಟು ನಿಂತವರು, ಮುಟ್ಟಿನ ರಕ್ತ ಬೆರೆತಿದೆ ಅನ್ನೋ ಹಾಗೂ ಇಲ್ಲ. ತಡ ಮಾಡ್ದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ." ಹದಿನಾಲ್ಕು ಉರ್ಕುಯಾ ಅಕ್ಕನ ನಂಬರು. ಅವಳ ಮನೆಗೆ ಓಡಿದೆ.

ವಿಷಯ ಹೇಳಿದಾಗ ಅಕ್ಕ ನನ್ನ ಮುಖ ನೋಡಲಿಲ್ಲ. ಚಹಾ ಬಗ್ಗಿಸುತ್ತಿದ್ದ ಬೆರ್ಮೆತ್‌ಳನ್ನೇ ನೋಡುತ್ತ ಕುಳಿತಳು. ಆ ಹುಡುಗಿಯ ತುಟಿಯೂ ಬಿಳಿಚಿಕೊಂಡಿತ್ತು.

"ಹೆದ್ರಬೇಡ ಅಕ್ಕ, ನಾಳೆ ಬೆಳಿಗ್ಗೇನೇ ಹೋಗೋಣ," ಎಂದೆ.

"ನಾನ್ಯಾಕೆ ಹೆದರ್ಲಿ," ಎಂದಳು. ಹಿಡಿದಿದ್ದ ಬಟ್ಟಲು ವಾಲಿ ಚಹಾ ಮೊಣಕಾಲ ಮೇಲೆ ಚೆಲ್ಲಿತು. ಅದು ಸುಟ್ಟದ್ದೂ ಅವಳಿಗೆ ಗೊತ್ತಾಗಲಿಲ್ಲ.

ಮರುದಿನ ಕಾರಿನಲ್ಲಿ ಹೊರಟೆವು. ಸೇತುವೆ ದಾಟಿದೆವು. ಅಕ್ಕ ಡ್ರೈವರನ ಭುಜ ಹಿಡಿದು ಅಲುಗಿಸಿದಳು. "ತಿರುಗ್ಸಪ್ಪ. ನಾನು ಮಲಗಿ ಪರೀಕ್ಷೆ ಮಾಡಿಸ್ಕೊಂಡ್ರೆ ಅವಳಿಗೆ ವಾಸಿಯಾಗುತ್ತಾ? ಆ ಡಬ್ಬಿ ಬೆರ್ಮೆತ್‌ದು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿನ್ನ ದೊಡ್ಡಸ್ತಿಕೆಗೆ ಬೆಂಕಿ ಬೀಳ. ನಿನ್ನೆಯೇ ಬಾಯಿ ಬಿಡೋಕೇನಾಗಿತ್ತು?"

"ಬಯ್ಯಿ, ಇನ್ನೂ ಬಯ್ಯಿ. ಎರಡು ವರ್ಷದ ಕೂಸಿದೆ ಅವಳಿಗೆ. ನಾನು ಮಾನ ನೋಡ್ಕೊಂಡು ಕೂತೆ." ಹುಡುಗಿ ಸತ್ತರೆ ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಡ್ರೈವರ್ ಕಾರನ್ನು ಊರಿನ ಕಡೆ ತಿರುಗಿಸಿದ.

ಅತ್ತೆಯೆದುರು ಬೆರ್ಮೆತ್ ಬಾಯಿ ಬಿಡಲಿಲ್ಲ. ಲಾಯದ ಹಿಂದಕ್ಕೆ ಕರೆದೊಯ್ದು ಕೇಳಿದೆ. ನೆಲ ನೋಡುತ್ತ ಹೇಳಿದಳು: "ಅವತ್ತು ನಾನು ಮುಟ್ಟಾಗಿದ್ದೆ ನರ್ಸಕ್ಕ. ಅತ್ತೆಗೆ ಹೇಳೋಕೆ ನಾಚಿಕೆ ಆಯ್ತು. ಆ ರಕ್ತವೇ ಇರ್ಬೇಕು ಅಂದ್ಕೊಂಡೆ. ಆದ್ರೆ ಅಲ್ದೇ ಇದ್ರೆ?"

ಸಂಶೋಧಕರಿಗೆ ಫೋನ್ ಮಾಡಿ ನಿಜ ಹೇಳಿ, ಬಾಯಿಗೆ ಬಂದಂತೆ ಬೈಸಿಕೊಂಡೆ. ಎರಡು ಹೊಸ ಡಬ್ಬಿ ಕಳಿಸಿದರು. ಈ ಸಲ ಅವರವರದನ್ನು ಅವರವರೇ ಕೊಡಬೇಕು, ಬೆರ್ಮೆತ್ ಮುಟ್ಟಿಲ್ಲದ ದಿನ ನೋಡಿ.

ಫಲಿತಾಂಶಕ್ಕೆ ಒಂಬತ್ತು ದಿನ. ಆ ಒಂಬತ್ತು ದಿನವೂ ಅಕ್ಕ ತಾನೇ ಬಕೆಟ್ ಹಿಡಿದು ನೀರು ತಂದಳು. ಬೆರ್ಮೆತ್ ಕೆಮ್ಮಿದರೂ ಎದ್ದು ಬಂದು ನೋಡುವಳು. ಕೊಳಾಯಿ ಬಳಿ ಹೆಂಗಸರು, "ಸೊಸೆ ಕೈಲಿ ಅದನ್ನೂ ಮಾಡಿಸ್ದೋಳು ಬಂದ್ಲು ನೋಡ್ರೇ," ಎಂದು ಚುಚ್ಚಿದರು. ಉರ್ಕುಯಾ ಅಕ್ಕ, ಆ ಉರ್ಕುಯಾ ಅಕ್ಕ, ಮರುಮಾತಾಡದೆ ನೀರು ತುಂಬಿಕೊಂಡು ಬಂದಳು.

ಹತ್ತನೇ ದಿನ ಎರಡು ಕಾಗದ ಹಿಡಿದು ಅವರ ಮನೆಗೆ ಹೋದೆ. ಅಕ್ಕ ಹಿಡಿದಿದ್ದ ಬಕೆಟ್ ಕೆಳಗಿಟ್ಟಳು.

"ಬೆರ್ಮೆತ್‌ದು ಮೊದ್ಲು ಓದು."

"ಏನೂ ಇಲ್ಲ. ರಕ್ತದ ಸುಳಿವೂ ಇಲ್ಲ," ಎಂದೆ.

ಅಕ್ಕ ಅಲ್ಲೇ ಕುಸಿದು ಕೂತು ಜೋರಾಗಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನಕ್ಕಳು. "ಸಾಕು. ನನ್ನ ಕಾಗದಕ್ಕೇನು ಅವಸರ, ಚಹಾ ಕುಡಿದು ಓದು."

ಅವಳ ಕಾಗದವನ್ನು ನಾನು ದಾರಿಯಲ್ಲೇ ಓದಿಕೊಂಡಿದ್ದೆ. ಅದರಲ್ಲಿ ರಕ್ತ ಇದೆ ಎಂದಿತ್ತು.

ಅವತ್ತು ಚಹಾ ಬಗ್ಗಿಸಿದ್ದು ಅಕ್ಕನೇ. ಮೊದಲ ಬಟ್ಟಲನ್ನು ಸೊಸೆಗೆ ಕೊಟ್ಟಳು, ಎರಡನೆಯದನ್ನು ನನಗೆ. ನಾನು ಎಷ್ಟು ನಿಧಾನವಾಗಿ ಕುಡಿಯಬಹುದೋ ಅಷ್ಟು ನಿಧಾನವಾಗಿ ಕುಡಿದೆ.