ಮೂಲೆ ಕಚ್ಚಿದ ಪದವಿ ಪತ್ರ

ಹೋದ ತಿಂಗಳು ನನ್ನ ಬಿ.ಎ. ಪದವಿ ಪತ್ರ ತೆಗೆದುಕೊಂಡು ಶಿಕಾರಿಪುರದ ಪೇಟೆಗೆ ಹೋಗಿದ್ದೆ. ಅಲ್ಲಿ ಬಾಷಾ ಸಾಹೇಬರು ಫೋಟೊಗಳಿಗೆ ಕಟ್ಟು ಹಾಕುತ್ತಾರೆ. ಇಷ್ಟು ವರ್ಷ ಆ ಪತ್ರ ಟ್ರಂಕಿನ ತಳದಲ್ಲೇ ಇತ್ತು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು, "ಮೂಲೆ ಇಲಿ ತಿಂದೈತಲ್ರೀ ಮೇಷ್ಟ್ರೇ! ಒಂದಿಂಚು ಕತ್ತರಿಸಿಬಿಡ್ತೀನಿ, ಗೊತ್ತಾಗಂಗಿಲ್ಲ" ಅಂದರು. ಕತ್ತರಿ ಆಗಲೇ ಕೈಯಲ್ಲಿತ್ತು.

"ತಡೀರಿ, ಅದು ಇಲಿ ಅಲ್ಲ" ಅಂದೆ. ಮತ್ಯಾರು ಅಂತ ನಿಮಗೂ ಹೇಳಬೇಕು.

ನಮ್ಮದು ತಾಳಗುಂದದ ಕಡೆ. ಮನೆಯಲ್ಲಿ ನನಗಿಂತ ಮೊದಲು ಎಲ್ಲರದೂ ಹೆಬ್ಬೆಟ್ಟು. ಐವತ್ತರ ದಶಕದ ಕೊನೆಗೆ ನಾನು ಶಿವಮೊಗ್ಗೆಯಲ್ಲಿ ಬಿ.ಎ. ಮುಗಿಸಿ, ಶಿಕಾರಿಪುರದಲ್ಲಿ ಮೇಷ್ಟ್ರ ಕೆಲಸ ಹಿಡಿದೆ. ಈ ಮಾತನ್ನು ನಾನು ಸಣ್ಣ ದನಿಯಲ್ಲಿ ಹೇಳುವವನಲ್ಲ. ಪದವಿ ಪತ್ರ ಬಟ್ಟೆಚೀಲದಲ್ಲಿ ಸದಾ ನನ್ನ ಜೊತೆಗೇ ಇರುತ್ತಿತ್ತು. ಕಚೇರಿಗಳಲ್ಲಿ ಅದನ್ನು ಬಿಚ್ಚಿದರೆ ಕೂರಲು ಕುರ್ಚಿ ಸಿಗುತ್ತಿತ್ತು. ಒಂದು ಪಹಣಿಗಾಗಿ ಅಪ್ಪ ದಿನಗಟ್ಟಲೆ ನಿಂತ ಜಾಗ ಅದು.

ನನ್ನ ಕೆಲಸದ ಮೊದಲ ವರ್ಷವೇ ನಮ್ಮ ನಾಯಿ ಕರಿಯ ಸತ್ತ. ಅಪ್ಪ ಅವನನ್ನು ಗದ್ದೆಯ ಬದುವಿನಲ್ಲಿ ಹೂತು ಬಂದು, ಕೈಕಾಲು ತೊಳೆದುಕೊಂಡ. ಮತ್ತೆ ಅವನ ಹೆಸರೆತ್ತಲಿಲ್ಲ. ಆದರೆ ಊಟದ ಕೊನೆಯ ತುತ್ತು ಉಳಿಸುವುದನ್ನು ಬಿಡಲಿಲ್ಲ. ಅದನ್ನು ಹಿಡಿದು ಹಿತ್ತಲ ಬಾಗಿಲ ತನಕ ಹೋಗಿ, ಸ್ವಲ್ಪ ಹೊತ್ತು ನಿಂತು, ಹಾಗೇ ತಿರುಗಿ ಬರುತ್ತಿದ್ದ.

"ಒಂದು ಮರಿ ತಂದು ಕೊಡೋ. ನಿಮ್ಮಪ್ಪ ಮಾತೇ ಬಿಟ್ಟಾನ" ಎಂದಳು ಅವ್ವ.

ಪದವೀಧರನಿಗೆ ಒಂದು ನಾಯಿಮರಿ ತರುವುದೇನು ಮಹಾ? ಸಂತೆಯಲ್ಲಿ ಬುಟ್ಟಿ ತುಂಬ ಮರಿ ಇಟ್ಟುಕೊಂಡವನೊಬ್ಬ, "ಹೊಟ್ಟೆ ನೋಡ್ರೀ ಸ್ವಾಮಿ, ಹೆಂಗ ತುಂಬೇತಿ!" ಅಂದ. ನಿಜಕ್ಕೂ ಗುಂಡಗಿತ್ತು. ಎದೆಗೊತ್ತಿಕೊಂಡು ಬಂದೆ. ಐದನೇ ದಿನ ಅದು ಸತ್ತಿತು. ಅಪ್ಪ ಮತ್ತೆ ಗುದ್ದಲಿ ಎತ್ತಿಕೊಂಡ.

"ಹೊಟ್ಟೆ ತುಂಬ ಹುಳ, ಕಣ್ಣು ತುಂಬ ಗೀಜು. ಅಷ್ಟು ಓದೀಯ, ಇದರ ತಾಯಿ ಎಲ್ಲೈತಿ ಅಂತ ಕೇಳಾಕ ಬರಲಿಲ್ಲೇನು? ಇನ್ನ ಈ ಮನೀಗೆ ನಾಯಿ ಬ್ಯಾಡ."

ಸೊರಬದ ಆಚೆ, ಗುಡವಿ ಕೆರೆಯ ಹತ್ತಿರ ಚೌಡಪ್ಪ ಎಂಬ ರೈತ ಒಳ್ಳೆಯ ನಾಯಿ ಸಾಕುತ್ತಾನೆ ಎಂದು ಯಾರೋ ಹೇಳಿದರು. ಅವನಲ್ಲಿ ಇದ್ದದ್ದು ಕೆಂಪಿ ಎಂಬ ಒಂದೇ ಹೆಣ್ಣುನಾಯಿ, ವರ್ಷಕ್ಕೊಂದೇ ಸೂಲು. ಮುಂದಿನ ಭಾನುವಾರವೇ ಹೋದೆ. ಅವನು ಕೆಂಪಿಗೆ ಗಂಜಿ ಹಾಕುತ್ತಿದ್ದ. ನಾನು, ನಗಬೇಡಿ, ಚೀಲದಿಂದ ಪದವಿ ಪತ್ರ ತೆಗೆದು ಬಿಚ್ಚಿ ಹಿಡಿದೆ.

ಚೌಡಪ್ಪ ಅದನ್ನು ಮೇಲಿಂದ ಕೆಳಗೆ ನೋಡಿದ. "ಬಾಳ ಚಂದ ಇದೆ. ನಾಯಿ ಸಾಕ್ತೀರಿ ಅಂತ ಇದರಲ್ಲಿ ಎಲ್ಲಿ ಬರೆದಿದಾರೆ?"

ನಾನು ಪತ್ರ ಮಡಿಸತೊಡಗಿದೆ.

"ಹೋಗಲಿ, ಅನ್ನ ಹಾಕೋರು ಯಾರು?"

"ನಮ್ಮಪ್ಪ."

"ಮತ್ತೆ ನೀವ್ಯಾಕೆ ಬಂದ್ರಿ ಮಾರಾಯ್ರೇ? ಅನ್ನ ಹಾಕೋ ಕೈ ಬರಲಿ. ಆ ಕೈಯಿಂದ ನಮ್ಮ ಕೆಂಪಿ ತಿಂದ್ರೆ ಮರಿ ಕೊಡ್ತೀನಿ, ಇಲ್ದಿದ್ರೆ ಇಲ್ಲ. ಮರಿ ಇನ್ನೂ ಹದಿನೈದು ದಿನ ಹಾಲು ಕುಡೀಬೇಕು, ಅವಸರ ಇಲ್ಲ."

ಅಪ್ಪ ಒಪ್ಪಲಿಲ್ಲ. ಅವ್ವ ಆ ಹದಿನೈದು ದಿನವೂ ಹಿಂದೆ ಬಿದ್ದ ಮೇಲೆ, "ಆ ತಾಯಿ ನೋಡಿ ಬರ್ತೀನಿ, ಅಷ್ಟೇ" ಎಂದು ಹೊರಟ.

ಗುಡವಿಯಲ್ಲಿ ಅಪ್ಪ ಕುಕ್ಕರಗಾಲಲ್ಲಿ ಕೂತು ರೊಟ್ಟಿ ಮುರಿದು ಕೈಚಾಚಿದ. ಕೆಂಪಿ ಆ ಕೈಯನ್ನು ಬಹಳ ಹೊತ್ತು ಮೂಸಿ, ಕೊನೆಗೆ ತಿಂದಳು. ಅಪ್ಪ ಒಂದು ಮರಿ ಎತ್ತಿ ಅದರ ವಸಡು, ಕಣ್ಣು, ಹೊಟ್ಟೆ ನೋಡಿದ. ಕೆಳಗೆ ಮಾತ್ರ ಇಳಿಸಲಿಲ್ಲ.

"ಮೊದಲಿನ ನಾಯಿ ಹೆಂಗೆ ಸತ್ತಿತು?" ಚೌಡಪ್ಪ ಕೇಳಿದ. ನಾನು ಬಾಯಿ ತೆರೆದೆ. "ನೀವಲ್ಲ, ಅವರು ಹೇಳಲಿ" ಅಂದ.

ಅಪ್ಪ ಮರಿಯ ಬೆನ್ನು ಸವರುತ್ತ ಕೂತಿದ್ದ. ಆಮೇಲೆ, "ವಯಸ್ಸಾಗಿತ್ತು. ಇವ ಸಣ್ಣಾವಿದ್ದಾಗ ಸಾಲಿಗೆ ಮೂರು ಮೈಲಿ, ನಡುವೆ ಕಾಡು. ನನಗ ಹೊಲ ಬಿಟ್ಟು ಬರಾಕ ಆಗ್ತಿರಲಿಲ್ಲ. ಕರಿಯ ದಿನಾ ಕರಕೊಂಡು ಹೋಗಾವ, ಸಂಜೀತನಕ ಸಾಲಿ ಮುಂದ ಕಾಯಾವ, ಕರಕೊಂಡು ಬರಾವ. ತೆಗಿಯೋ, ಚೀಲದಾಗಿಂದ ಅದನ್ನ" ಅಂದ.

ಎರಡನೇ ಸಲವೂ ಪತ್ರ ಒಯ್ದಿದ್ದೆ. ಯಾಕೆ ಅಂತ ಕೇಳಬೇಡಿ. ಅಪ್ಪ ಅದನ್ನು ನೆಲದ ಮೇಲೆ ಹರವಿ, ಓದಬಲ್ಲವನಂತೆ ಬೆರಳಾಡಿಸಿದ.

"ನಮ್ಮ ಮನ್ಯಾಗ ಹೆಬ್ಬೆಟ್ಟು ಒತ್ತೋದು ನಿಲ್ಲಿಸಿದಾವ ನನ್ನ ಮಗ. ಇದ್ರಾಗ ಅರ್ಧ ಆ ನಾಯೀದು."

ಅಪ್ಪ ನನ್ನನ್ನು ಹೊಗಳಿದ್ದು ಆವತ್ತೇ ಮೊದಲು. ಅದರಲ್ಲೂ ಅರ್ಧ ನಾಯಿಗೆ ಹೋಯಿತು. ಉಳಿದರ್ಧದ ಮೇಲೆ ನಾನು ಇವತ್ತಿಗೂ ಬದುಕುತ್ತಿದ್ದೇನೆ.

ಅಷ್ಟರಲ್ಲಿ ಮರಿ ಅಪ್ಪನ ಕೈಯಿಂದ ಜಾರಿ ಪತ್ರದ ಮೂಲೆಗೆ ಬಾಯಿ ಹಾಕಿತು. ನಾನು ಹೌಹಾರಿ ಕೈ ಹಾಕಿದರೆ ಅಪ್ಪ ತಡೆದ. ಎಷ್ಟೋ ದಿನಗಳ ಮೇಲೆ ನಗುತ್ತಿದ್ದ. "ಬಿಡು, ಅದರ ಪಾಲು ಅದು ತಗೊಳ್ಳಲಿ."

"ಒಯ್ಯಿರಿ" ಅಂದ ಚೌಡಪ್ಪ. "ಸಾಕೋಕೆ ಆಗದಿದ್ರೆ ಬೀದಿಗೆ ಬಿಡಬ್ಯಾಡಿ, ನನ್ನತ್ರಾನೇ ತಂದುಬಿಡಿ."

ಅಂಥ ಪ್ರಸಂಗ ಬರಲಿಲ್ಲ. ಅಪ್ಪನ ಕೊನೆಯ ತುತ್ತು ಮತ್ತೆಂದೂ ಹಿತ್ತಲ ಬಾಗಿಲಿಂದ ತಿರುಗಿ ಬರಲಿಲ್ಲ. ಪದವಿ ಪತ್ರ ಮಾತ್ರ ಟ್ರಂಕು ಸೇರಿತು. ನಾಯಿ ಕಚ್ಚಿದ್ದನ್ನು ದೊಡ್ಡವರ ಮುಂದೆ ಬಿಚ್ಚಲು ನಾಚಿಕೆಯಾಗುತ್ತಿತ್ತು.

ಬಾಷಾ ಸಾಹೇಬರು ಕತೆ ಕೇಳಿ ಕತ್ತರಿ ಕೆಳಗಿಟ್ಟರು. "ಹಲ್ಲಿನ ಗುರುತು ಪೂರಾ ಕಾಣಂಗ ಕಟ್ಟು ಹಾಕ್ತೀನಿ ತಗೋರಿ" ಅಂದರು. ಈಗ ಅದು ಪಡಸಾಲೆಯ ಗೋಡೆಯ ಮೇಲಿದೆ. ಬಂದವರು ಬಿ.ಎ. ಬಗ್ಗೆ ಕೇಳುವುದಿಲ್ಲ, ಮೂಲೆಯ ಬಗ್ಗೆ ಕೇಳುತ್ತಾರೆ. ಕೇಳಿದವರಿಗೆ ಕುರ್ಚಿ ಕೊಟ್ಟು, ಕೂರಿಸಿ ಹೇಳುತ್ತೇನೆ.