ಗಾಲಿಯ ಕಲ್ಲಿಗೆ ಸನ್ಮಾನ

ಹಲಗೆಯ ಮೇಲೆ ಒಂದು ಇಳಿಜಾರು ಎಳೆದು, ಅದರ ಮೇಲೊಂದು ಪೆಟ್ಟಿಗೆ ಕೂರಿಸಿ, ಸುತ್ತ ನಾಲ್ಕು ಬಾಣ ಹಾಕುವುದು ಭೌತಶಾಸ್ತ್ರದ ಮೇಷ್ಟರಾದ ನನ್ನ ಹೊಟ್ಟೆಪಾಡು. ಹೋದ ವರ್ಷದ ಆಯುಧಪೂಜೆಯಿಂದೀಚೆಗೆ ಈ ಚಿತ್ರ ನನ್ನ ಕೈಯಲ್ಲಿ ಸರಿಯಾಗಿ ಮುಗಿಯುತ್ತಿಲ್ಲ. ಪೆಟ್ಟಿಗೆ ಬರೆದ ಕೂಡಲೇ, ನನಗೇ ತಿಳಿಯದಂತೆ, ಅದರ ಕೆಳಗೊಂದು ಕಲ್ಲನ್ನೂ ಬರೆದುಬಿಡುತ್ತೇನೆ. ಮೊನ್ನೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಕಲ್ಲಿದ್ರೆ ಪೆಟ್ಟಿಗೆ ಜಾರೋದೇ ಇಲ್ವಲ್ಲ, ಲೆಕ್ಕ ಹೆಂಗ್ ಮಾಡೋದು?" ಎಂದಳು. "ಜಾರೋದು ಬೇಡಮ್ಮ" ಎಂದೆ. ತರಗತಿ ನಕ್ಕಿತು. ನಾನು ನಗಲಿಲ್ಲ.

ತರಗತಿಯಾಚೆಗೂ ಈ ಕಾಯಿಲೆ ಹಬ್ಬಿದೆ. ಮಧುಗಿರಿ ಬಸ್ ನಿಲ್ದಾಣದಲ್ಲಿ ನಿಂತ ಬಸ್ಸಿನ ಗಾಲಿಗಳನ್ನು ಬಗ್ಗಿ ನೋಡಿಯೇ ಹತ್ತುತ್ತೇನೆ. ಚಿಲ್ಲರೆ ಬಿದ್ದುಹೋಗಿದೆಯೇನೋ ಎಂದು ಕಂಡಕ್ಟರನೂ ಒಮ್ಮೆ ನನ್ನ ಜೊತೆ ಬಗ್ಗಿ ಹುಡುಕಿದ. ಮನೆಯಲ್ಲಿ ನನ್ನ ಸ್ಕೂಟರಿಗೆ ಸ್ಟ್ಯಾಂಡಿದೆ, ನಿಲ್ಲಿಸುವ ಜಾಗ ಸಮತಟ್ಟಾಗಿದೆ, ಆದರೂ ಮುಂದಿನ ಗಾಲಿಗೊಂದು ಕಲ್ಲು ಕೊಟ್ಟ ಮೇಲೆಯೇ ನನಗೆ ಕಾಫಿ ಇಳಿಯುವುದು.

ಇದಕ್ಕೆಲ್ಲ ಮೂಲ ನನ್ನ ಭಾವ ಹನುಮಂತರಾಯಪ್ಪನವರ ಡೀಸೆಲ್ ಪಿಕಪ್ಪು. ಅಕ್ಕನ ಗಂಡ ಎನ್ನುವುದಕ್ಕಿಂತ ಪಿಕಪ್ಪಿನ ಗಂಡ ಎಂದರೇ ಅವರಿಗೆ ಹೆಚ್ಚು ಒಪ್ಪುತ್ತದೆ. ಅವರದು ದೊಡ್ಡೇರಿ ಕಡೆಯ ಹಳ್ಳಿ. ಕಡಲೆಕಾಯಿ, ಹುಣಸೆಹಣ್ಣು, ಬೂದುಗುಂಬಳ, ಕುರಿ, ಒಮ್ಮೊಮ್ಮೆ ಮದುವೆಯ ದಿಬ್ಬಣ, ಯಾವುದನ್ನೂ ಬೇಡವೆನ್ನದೆ ಹೊತ್ತು ಶಿರಾ, ಕೊರಟಗೆರೆ, ಪಾವಗಡವೆಂದು ತಿರುಗಿದ ಗಾಡಿ ಅದು. ಅದರ ಮೀಟರು ಲಕ್ಷಗಳನ್ನು ಎಣಿಸಿ ಸಾಕಾಗಿ ತಾವರೆಕೆರೆಯ ಹತ್ತಿರ ಎಲ್ಲೋ ನಿಂತುಹೋಯಿತು. ಅಂದಿನಿಂದ ಗಾಡಿಗೆ ವಯಸ್ಸಾಗುವುದೂ ನಿಂತಿದೆ ಎಂದು ಭಾವ ನಂಬಿದ್ದಾರೆ.

ಈ ಗಾಡಿಯನ್ನು ಅವರು ಗ್ಯಾರೇಜಿಗೆ ಬಿಟ್ಟವರಲ್ಲ. "ಕಂಡೋರ ಕೈ ಬಿದ್ರೆ ಗಾಡಿ ಕೆಟ್ಟೋಯ್ತದೆ ಮೇಷ್ಟ್ರೇ" ಎನ್ನುತ್ತಾರೆ, ಮಕ್ಕಳನ್ನು ಹಾಸ್ಟೆಲಿಗೆ ಹಾಕಲು ಹೆದರುವ ತಂದೆಯ ದನಿಯಲ್ಲಿ. ಇಂಜಿನ್ ಆಯಿಲನ್ನು ಅವರೇ ಬದಲಿಸುತ್ತಾರೆ. ಅಂಗಳದಲ್ಲಿ ಗೋಣಿತಾಟು ಹಾಸಿ, ಅಂಗಾತ ಮಲಗಿ, ತಳದ ನಟ್ಟು ಬಿಚ್ಚಿ ಕರಿ ಎಣ್ಣೆಯನ್ನು ಅಕ್ಕನ ಹಳೆಯ ಬಾಣಲೆಗೆ ಇಳಿಸುತ್ತಾರೆ. ಆ ಎಣ್ಣೆಗೆ ಆಮೇಲೆ ಎರಡನೆಯ ಜನ್ಮ: ಗೇಟಿನ ಕೀಲಿಗೆ, ಬೇಲಿ ಕಂಬದ ಬುಡಕ್ಕೆ, ಗೆದ್ದಲು ಹತ್ತಿದ ಬಾಗಿಲಿಗೆ. ಏರ್ ಫಿಲ್ಟರನ್ನು ಜಗಲಿಯ ಕಟ್ಟೆಗೆ ಬಡಿದರೆ ನಾಲ್ಕು ತಾಲ್ಲೂಕಿನ ಧೂಳು ಉದುರುತ್ತದೆ. ಡೀಸೆಲ್ ಟ್ಯಾಂಕು ಜಿನುಗಿದರೆ ಬಟ್ಟೆಸೋಪು ತಿಕ್ಕುತ್ತಾರೆ. ರೇಡಿಯೇಟರು ಸೋರಿದರೆ ಅದರೊಳಗೆ ಅರಿಶಿನದ ಪುಡಿ ಸುರಿಯುತ್ತಾರೆ. ಅಕ್ಕ ಅಡುಗೆಮನೆಯಲ್ಲಿ ಅರಿಶಿನದ ಡಬ್ಬಿ ಹುಡುಕುತ್ತಿದ್ದಾಳೆಂದರೆ ಗಾಡಿಗೆ ಜ್ವರ ಬಂದಿದೆ ಎಂದೇ ಅರ್ಥ. ಇಷ್ಟೆಲ್ಲ ಹಾಸ್ಯ ಮಾಡಿದರೂ ಒಂದು ಮಾತು ಒಪ್ಪಿಕೊಳ್ಳಬೇಕು: ಇಂಜಿನ್ ಮಾತ್ರ ಗಟ್ಟಿಯಾಗಿದೆ. ಗಾಡಿಯನ್ನು ಓಡಿಸುವ ಯಾವ ಭಾಗವನ್ನೂ ಭಾವ ಕೈಬಿಟ್ಟವರಲ್ಲ. ಅವರ ಅಸಡ್ಡೆಯೆಲ್ಲ ಗಾಡಿಯನ್ನು ನಿಲ್ಲಿಸುವ ಭಾಗಗಳ ಮೇಲೆ.

ಹ್ಯಾಂಡ್ ಬ್ರೇಕಿನ ಕೇಬಲ್ ಪಾವಗಡದಾಚೆ ಬಲಸಮುದ್ರಕ್ಕೆ ಹೋಗಿ ಬರುವಾಗ ಕಿತ್ತುಹೋಯಿತು. ಅದೇ ಕಾಲಕ್ಕೆ ಇಂಜಿನ್ ಎಬ್ಬಿಸುವ ಸೆಲ್ಫೂ ಮುನಿಸಿಕೊಂಡು, ಕೀಲಿ ತಿರುಗಿಸಿದರೆ ಕೆಮ್ಮುವುದಷ್ಟೇ ಮಾಡತೊಡಗಿತು. ಬೇರೆಯವರಾದರೆ ಎರಡು ರಿಪೇರಿ ಮಾಡಿಸುತ್ತಿದ್ದರು. ಭಾವ ಎರಡು ಕಾಯಿಲೆಗೂ ಸೇರಿಸಿ ಒಂದೇ ಮದ್ದು ಕಂಡುಹಿಡಿದರು. ಮನೆಯ ಮುಂದಿನ ಅಂಗಳ ಓಣಿಯ ಕಡೆಗೆ ಇಳಿಜಾರಾಗಿದೆ. ಗಾಡಿಯನ್ನು ಅಲ್ಲಿ ಕೆಳಮುಖವಾಗಿ ನಿಲ್ಲಿಸಿ ಮುಂದಿನ ಗಾಲಿಗೆ ಕಲ್ಲು ಕೊಡುವುದು. ಬೆಳಿಗ್ಗೆ ಭಾವ ಒಳಗೆ ಕೂತು ಕಾಲಬ್ರೇಕು ತುಳಿಯುತ್ತಾರೆ, ಅಕ್ಕ ಕಲ್ಲು ತೆಗೆದು ಪಕ್ಕಕ್ಕೆ ಸರಿಯುತ್ತಾಳೆ, ಗಾಡಿ ಉರುಳುತ್ತದೆ, ಗೇರು ಬೀಳುತ್ತದೆ, ಇಂಜಿನ್ ಎದ್ದು ಊರಿಗೆಲ್ಲ ಹೊಗೆ ಹಂಚುತ್ತದೆ. ಅಕ್ಕ ಓಡಿಹೋಗಿ ಕಲ್ಲಿನ ಸಮೇತ ಹತ್ತುತ್ತಾಳೆ. ಸಂತೆಗೆ ತರಕಾರಿ ಮಾರಲು ಅವಳೂ ಹೋಗಬೇಕಲ್ಲ. ದಾರಿಯುದ್ದಕ್ಕೂ ಕಲ್ಲು ಅವಳ ಕಾಲ ಬಳಿ, ಸಾಕಿದ ಬೆಕ್ಕಿನ ಹಾಗೆ.

"ಗೇರಲ್ಲಾದ್ರೂ ಹಾಕಿ ನಿಲ್ಲಿಸಿ ಭಾವ" ಎಂದು ನಾನೊಮ್ಮೆ ಹೇಳಿದ್ದೆ.

"ಹಗಲೆಲ್ಲ ದುಡಿದೈತೆ. ನ್ಯೂಟ್ರಲ್ ಮಾಡಿ ಬುಟ್ರೆ ಕೈಕಾಲು ನೀಡ್ಕಂಡು ಮಲಗ್ತೈತೆ. ಗೇರಲ್ಲಿಟ್ರೆ ರಾತ್ರಿಯೆಲ್ಲ ಬಿಗ್ದುಕೊಂಡಿರ್ಬೇಕಲ್ಲ" ಎಂದರು. ಲೋಹದ ಆಯಾಸದ ಬಗ್ಗೆ ನಾನು ಓದಿದ್ದೇನೆ. ಲೋಹದ ನಿದ್ರೆಯ ಬಗ್ಗೆ ಓದಿರಲಿಲ್ಲ.

ಭಾವನೊಬ್ಬರನ್ನೇ ದೂರಿ ಏನು ಪ್ರಯೋಜನ? ಗಾಲಿಯನ್ನು ಕಂಡುಹಿಡಿದ ಆದಿಮಾನವನನ್ನು ಎಲ್ಲರೂ ಹೊಗಳುತ್ತಾರೆ. ಅದೇ ಸಂಜೆ, ಅದು ಉರುಳಿ ಹೋಗಿ ಯಾರದೋ ಗುಡಿಸಲಿಗೆ ಗುದ್ದಿದ ಮೇಲೆ, ಅದರ ಮುಂದೆ ಕಲ್ಲಿಟ್ಟ ಮಹಾನುಭಾವ ಒಬ್ಬನಿದ್ದಿರಲೇಬೇಕು. ಅವನು ನಮ್ಮ ಕಡೆಯವನೇ ಎಂದು ನನಗೆ ಗುಮಾನಿ. ಒಂದೇ ಬಂಡೆಯನ್ನು ಬೆಟ್ಟವೆಂದು ಕರೆಯುವ ಮಧುಗಿರಿ, ಗುಂಡುಗಳನ್ನು ಪೇರಿಸಿಟ್ಟಂತಿರುವ ಪಾವಗಡ. ನಮ್ಮಲ್ಲಿ ಮಳೆಗೆ ಬರವಿದ್ದೀತು, ಕೆಲಸಕ್ಕೆ ಬರವಿದ್ದೀತು, ಗಾಲಿಗೆ ಕೊಡಲು ಕಲ್ಲಿಲ್ಲ ಎಂಬ ಸ್ಥಿತಿ ಎಂದೂ ಬಂದಿಲ್ಲ. ಹೀಗಿರುವಾಗ ಕೇಬಲ್ ಎಂಬ ಪದಾರ್ಥ ನಮ್ಮವರಿಗೆ ಸ್ವಲ್ಪ ಆಡಂಬರವಾಗಿ ಕಂಡರೆ ಆಶ್ಚರ್ಯವಿಲ್ಲ.

ಶಿರಾದಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ನಯಾಜ್ ಭಾಯಿ ಆ ಕೇಬಲನ್ನು ಭಾವನಿಗೆಂದೇ ಗೋಡೆಯ ಮೊಳೆಗೆ ತೂಗುಹಾಕಿದ್ದರು. ಭಾವ ಹೋದಾಗೆಲ್ಲ ಅದರ ಕೆಳಗೇ ನಿಂತು ಬೇರೆ ಏನಾದರೂ ಕೊಂಡು ಬರುತ್ತಿದ್ದರು. "ಕ್ಯಾ ಕರೂಂ ಸಾರ್, ನಿಮ್ ಭಾವ ಹೋದ್ ಸಲ ರಾಗದ ಹಾರನ್ ತಗೊಂಡ್ರು, ಈ ಸಲ ಕನ್ನಡೀಗೆ ಕುಚ್ಚು ತಗೊಂಡ್ರು. ಕೇಬಲ್ ತೋರಿಸಿದ್ರೆ, ನಮ್ದು ಕಲ್ಲೈತೆ ಬುಡಿ ಭಾಯ್ ಅಂತಾರೆ" ಎಂದು ಅವರು ನನ್ನ ಹತ್ತಿರ ದೂರಿದ್ದುಂಟು.

ಈಗ ಆ ಬೆಳಗಿನ ವಿಷಯ. ಹೇಳಬಾರದೆಂದುಕೊಂಡರೂ ಕೈ ತಾನಾಗಿ ಅಲ್ಲಿಗೇ ಬರುತ್ತದೆ.

ಆಯುಧಪೂಜೆಗೆ ಅಕ್ಕನ ಮನೆಗೆ ಹೋಗಿದ್ದೆ. ಗಾಡಿಯ ತುಂಬ ಬೂದುಗುಂಬಳ. ಪೂಜೆ ಮುಗಿಸಿ ಮಧುಗಿರಿಗೆ ಹೊರಡಬೇಕು, ಅಲ್ಲಿನ ಗಾಡಿಗಳ ದೃಷ್ಟಿ ತೆಗೆಯುವ ಕಾಯಿ ಹೋಗುವುದು ಈ ಗಾಡಿಯಿಂದಲೇ. ತೊಳೆದು, ಎರಡು ಪಕ್ಕ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿದ್ದರು. ಮುಂದೆ ಗೋಣಿತಾಟಿನ ಮೇಲೆ ಜಾಕಿ, ನಟ್ಟು ಬಿಚ್ಚುವ ಪಾನಾಗಳು, ಸುತ್ತಿಗೆ, ಗ್ರೀಸ್ ಗನ್ನು ಎಲ್ಲ ಸಾಲಾಗಿ ಕೂತಿದ್ದವು. ಭಾವ ಸೊಂಟದ ಮೇಲೆ ಕೈಯಿಟ್ಟು ಸಾಲನ್ನು ನೋಡಿದರು. ಏನೋ ಕಮ್ಮಿಯೆನಿಸಿತು.

"ಅಲ್ಲ ಕಣಮ್ಮಿ, ಎಲ್ಲದ್ಕಿಂತ ಜಾಸ್ತಿ ದುಡಿದಿರಾದು ಕಲ್ಲು. ಅದನ್ನೇ ಮರ್ತ್ರೆ ಹೆಂಗೆ?" ಎಂದು ಅಕ್ಕನಿಗೆ ಹೇಳಿ, ಗಾಲಿಯ ಕೆಳಗಿನಿಂದ ಕಲ್ಲನ್ನು ಎಳೆದು, ಬಕೆಟ್ಟಿನ ನೀರಲ್ಲಿ ತೊಳೆದು, ಜಾಕಿಯ ಪಕ್ಕದಲ್ಲಿ ಪ್ರತಿಷ್ಠಾಪಿಸಿದರು.

ನಾನು ಪೂಜೆಯ ಗಂಟೆ ಹಿಡಿದು ಅಲ್ಲೇ ನಿಂತಿದ್ದೆ. ಭೌತಶಾಸ್ತ್ರದಲ್ಲಿ ಪದವಿಯ ಮೇಲೆ ಪದವಿ. ಕಲ್ಲನ್ನು ಕೂಡ ಮರೆಯದ ಭಾವನ ಕೃತಜ್ಞತೆಗೆ ಮನಸ್ಸಿನಲ್ಲೇ ತಲೆದೂಗುತ್ತಿದ್ದೆ.

ಗಾಡಿ ತಕ್ಷಣ ಕದಲಲಿಲ್ಲ. ತೊಳೆದ ನೀರಿಗೆ ನೆಲ ಮೆತ್ತಗಾಗಿ ಗಾಲಿಗಳು ಕೊಂಚ ಹೂತಿದ್ದವು. ಅಕ್ಕ ಗಾಡಿಗೂ ಗೋಣಿತಾಟಿಗೂ ನಡುವೆ, ಗಾಡಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು, ಜಾಕಿಗೆ, ಪಾನಾಗಳಿಗೆ, ಕೊನೆಗೆ ಕಲ್ಲಿಗೆ ಅರಿಶಿನ ಕುಂಕುಮ ಇಟ್ಟಳು. ಹೂವಿಟ್ಟಳು. ಭಾವ ಒಡೆಯಲು ಚೆಂದದ ಒಂದು ಕಾಯಿ ಆರಿಸುವುದಕ್ಕೆಂದು ಲೋಡಿನ ಮೇಲೆ ಹತ್ತಿದರು. ಅಕ್ಕ ಕರ್ಪೂರ ಹಚ್ಚಲು ಹೋದರೆ ಬೆಂಕಿಪೊಟ್ಟಣ ಒದ್ದೆಯಾಗಿತ್ತು. "ಥೂ, ಇದೊಂದು" ಎಂದು ಗೊಣಗಿ, ಬೇರೆ ತರಲು ಒಳಗೆ ಹೋದಳು. ಭಾವ ಕಾಯಿ ಹಿಡಿದು ಮೇಲಿನಿಂದ ಧುಮುಕಿದರು.

ಆ ಕುಲುಕಿಗೆ ಗಾಡಿ ಹೊರಟಿತು. ಮೂರು ಓಣಿಯಾಚೆಗೆ ಕೇಳುವಂತೆ ಗುಡುಗುತ್ತಿದ್ದ ಆ ಡೀಸೆಲ್ ಗಾಡಿ ಅಷ್ಟು ನಿಶ್ಶಬ್ದವಾಗಿ ಚಲಿಸಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಬಾಳೆಕಂದು ತೂಗಾಡಿಸುತ್ತ, ಹಾರ ಅಲುಗಿಸುತ್ತ, ಮದುವಣಗಿತ್ತಿಯ ಹಾಗೆ ಮೆಲ್ಲಗೆ ಬಂದು, ಅಕ್ಕ ಕೂತಿದ್ದ ಜಾಗದ ಮೇಲೆ ಹಾದು, ಅವಳ ಕುಂಕುಮದ ಬಟ್ಟಲನ್ನು ಅಪ್ಪಚ್ಚಿ ಮಾಡಿತು. ಕೂಗಲು ಬಾಯಿ ತೆರೆದೆ. ನನ್ನ ಕೈಯಲ್ಲಿದ್ದ ಪೂಜೆಯ ಗಂಟೆ ಮಾತ್ರ ಗಣಗಣ ಬಡಿದುಕೊಳ್ಳುತ್ತಿತ್ತು. ಮುಂದಿನ ಗಾಲಿ ಹೂ ಮುಡಿದ ಕಲ್ಲಿಗೆ ಬಡಿದು, ಅದನ್ನು ಹತ್ತಿ ಇಳಿದು, ಮೂತಿ ತಿರುಗಿಸಿತು. ಎದುರು ಮನೆಯ ಬಾಗಿಲಿಗೆ ಹೋಗಬೇಕಿದ್ದ ಗಾಡಿ ಪಕ್ಕದ ತಿಪ್ಪೆಗೆ ನುಗ್ಗಿ ನಿಂತಿತು. ಹಿಂದಿನಿಂದ ಬೂದುಗುಂಬಳಗಳು ಒಂದೊಂದಾಗಿ ಉರುಳಿ ಒಡೆದವು. ತಾಲ್ಲೂಕಿನ ಗಾಡಿಗಳ ಪಾಲಿನ ದೃಷ್ಟಿಯೆಲ್ಲ ಒಂದೇ ಗಾಡಿಗೆ ನಿವಾಳಿಸಿದಂತಾಯಿತು.

ಅಕ್ಕ ಹೊಸ ಬೆಂಕಿಪೊಟ್ಟಣ ಹಿಡಿದು ಹೊರಗೆ ಬಂದಳು. ಖಾಲಿ ಜಾಗ ನೋಡಿದಳು, ತಿಪ್ಪೆ ನೋಡಿದಳು, ಚಪ್ಪಟೆಯಾದ ಬಟ್ಟಲು ನೋಡಿದಳು. "ನನ್ ಬುಟ್ಟು ಎಲ್ಲಿಗೆ ಹೊಂಟಿತ್ತು ಅದು?" ಎಂದು ಕೇಳಿದಳು.

ಭಾವನ ಮುಖದಲ್ಲಿ ರಕ್ತವಿರಲಿಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ. "ನೋಡಿದ್ರಾ ಮೇಷ್ಟ್ರೇ, ಪೂಜೆ ಮಾಡಿದ್ಕೆ ಕಲ್ಲು ಕೈ ಬುಡ್ಲಿಲ್ಲ" ಎಂದರು.

ಆ ಮಾತನ್ನು ನಾನು ಇಂದಿಗೂ ಅಗಿಯುತ್ತಿದ್ದೇನೆ. ಕಲ್ಲು ಕೈಬಿಟ್ಟಿರಲಿಲ್ಲ, ನಿಜ. ಕಲ್ಲಿನ ಕೈ ಬಿಡಿಸಿದವರು ನಾವು. ಅದರ ಪಾಡಿಗೆ ಗಾಲಿಯ ಕೆಳಗೆ ಕೆಲಸ ಮಾಡಿಕೊಂಡಿದ್ದುದನ್ನು ಎಬ್ಬಿಸಿ ಕರೆತಂದು, ವೇದಿಕೆಯ ಮೇಲೆ ಕೂರಿಸಿ ಹಾರ ಹಾಕಿದೆವು. ಇದು ಹಳ್ಳಿಯ ಬುದ್ಧಿ ಎಂದು ನಗುವ ಹಾಗಿಲ್ಲ. ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ, ಒಂದು ದಿನವೂ ರಜೆ ಹಾಕದ ಕಾವಲುಗಾರರನ್ನು ಗೇಟಿನಿಂದ ಕರೆಸಿ ಶಾಲು ಹೊದಿಸಿದೆವು. ಅವರ ನಿಷ್ಠೆಯ ಬಗ್ಗೆ ಭಾಷಣ ನಡೆಯುತ್ತಿದ್ದ ಅಷ್ಟು ಹೊತ್ತೂ ಗೇಟು ತೆರೆದಿತ್ತು, ಹಿಂದಿನ ವರ್ಷದ ಮುಖ್ಯ ಅತಿಥಿಗಳು ನೆಟ್ಟ ಸಸಿಗಳನ್ನು ದನಗಳು ಸಾವಕಾಶವಾಗಿ ಮೇಯುತ್ತಿದ್ದವು. ಚೆನ್ನಾಗಿ ಪಾಠ ಮಾಡುವ ಮೇಷ್ಟರಿಗೆ ಸಮಿತಿಗಳನ್ನು ಕೊಟ್ಟು ತರಗತಿಯಿಂದ ಬಿಡಿಸುವುದೂ ಇದೇ ಜಾತಿಯ ಗೌರವ. ನನ್ನನ್ನು ಇನ್ನೂ ಯಾವ ಸಮಿತಿಗೂ ಹಾಕಿಲ್ಲ. ಕಾರಣ ಈಗ ಊಹಿಸಬಲ್ಲೆ.

ಅಂದಿನಿಂದ ಅಕ್ಕ ಗಾಡಿ ಹತ್ತಲಿಲ್ಲ. ಕೇಬಲ್ ಹಾಕುವವರೆಗೆ ಹತ್ತುವುದಿಲ್ಲ, ಕಲ್ಲನ್ನೂ ತೆಗೆಯುವುದಿಲ್ಲ ಎಂದಳು. ಸಂತೆಗೆ ಬಸ್ಸಿನಲ್ಲಿ ಗಂಟು ಹೊತ್ತು ಹೋಗತೊಡಗಿದಳು. ಭಾವ ಬೆಳಿಗ್ಗೆ ತಾವೇ ಕಲ್ಲು ತೆಗೆದು, ಉರುಳುವ ಗಾಡಿಯ ಜೊತೆ ಓಡಿ ಹತ್ತುವುದನ್ನು ನೋಡಿ ಓಣಿಯವರು ಬಾಗಿಲು ಮುಚ್ಚಿಕೊಂಡರು. ಕೊನೆಗೆ ಭಾವ ಮಣಿದರು. ಒಂದು ದಿನ ಶಿರಾಕ್ಕೆ ಹೋಗಿ ಬಂದು, "ತಕಾ, ಇನ್ಮೇಲೆ ಭಯ ಇಲ್ಲ" ಎಂದು ಅಕ್ಕನ ಮುಂದೆ ಇನ್ನೊಂದು ಕಲ್ಲು ಇಳಿಸಿದರು. ದಾರಿಯಲ್ಲಿ ಸಿಕ್ಕಿದ್ದಂತೆ, ಒಳ್ಳೆಯ ಚೌಕದ ಕಲ್ಲು. "ಒಂದು ಡ್ಯೂಟಿಗೆ, ಒಂದು ಪೂಜೆಗೆ."

ಅಕ್ಕ ಜಗಳವಾಡಲಿಲ್ಲ. ಮಾರನೆಯ ದಿನ ಬಸ್ಸು ಹತ್ತಿ ಶಿರಾಕ್ಕೆ ಹೋಗಿ, ನಯಾಜ್ ಭಾಯಿಯ ಮೊಳೆಯಿಂದ ಕೇಬಲನ್ನು ಇಳಿಸಿಕೊಂಡು ಬಂದಳು. ಮಧ್ಯಾಹ್ನ ಭಾವ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಮುದ್ದೆಯ ಬದಲು ಅದನ್ನು ಸುರುಳಿ ಸುತ್ತಿ ಇಟ್ಟಳು, ಪಕ್ಕದಲ್ಲಿ ಕ್ರಮವಾಗಿ ಸಾರು, ಉಪ್ಪು, ಈರುಳ್ಳಿ.

"ಏನಮ್ಮಿ ಇದು?"

"ಉಣ್ಣಿ. ಕಲ್ಲು ನಂಬ್ಕಂಡು ಬಾಳ್ತಾ ಇದ್ರಲ್ಲ, ಅದ್ಕಿಂತ ಮೆತ್ತಗೈತೆ."

ಭಾವ ಗೋಣಿತಾಟು ಹಿಡಿದು ಹೊರಗೆ ಹೋದರು. ಸಂಜೆಯೊಳಗೆ ಕೇಬಲ್ ಕೂತಿತು, ಲಿವರು ಕಟಕಟ ಎಂದಿತು, ಗಾಡಿ ಕಚ್ಚಿ ನಿಂತಿತು. "ನಾನೂ ಮಾಡ್ಬೇಕು ಅಂತ್ಲೇ ಇದ್ದೆ" ಎಂದು ಅವರು ಕೈ ತೊಳೆದ ಮೇಲೆಯೇ ಮುದ್ದೆ ಬಂತು.

ಈ ವರ್ಷದ ಆಯುಧಪೂಜೆಗೂ ಹೋಗಿದ್ದೆ. ಅದೇ ಇಳಿಜಾರು, ಅದೇ ಹಾರ, ಅದೇ ಲೋಡು. ಹ್ಯಾಂಡ್ ಬ್ರೇಕ್ ಎಳೆದಿತ್ತು. ಅದು ಸಾಲದೆಂದು ಗಾಲಿಗೆ ಕಲ್ಲೂ ಇತ್ತು, ಅಕ್ಕನ ಆಜ್ಞೆ. ಭಾವ ಅಭ್ಯಾಸಬಲದಿಂದ ಬಗ್ಗಿ ಕಲ್ಲಿಗೆ ಕೈ ಹಾಕಿದರು.

"ಮುಟ್ಬ್ಯಾಡಿ. ಅದು ಎಲ್ಲೈತೋ ಅಲ್ಲೇ ಇರ್ಲಿ, ನಾನೇ ಅದ್ರ ತಾವ್ಕೆ ಹೋಯ್ತೀನಿ" ಎಂದಳು ಅಕ್ಕ. ಗಾಡಿಯ ಪಕ್ಕಕ್ಕೆ ಹೋಗಿ, ಗಾಲಿಯ ಬಳಿ ಕೂತು, ಕೆಸರು ಮೆತ್ತಿದ ಆ ಕಲ್ಲಿನ ಕಾಣುವಷ್ಟು ಜಾಗವನ್ನು ಸೆರಗಿನಿಂದ ಒರೆಸಿ, ಒಂದು ಬೊಟ್ಟು ಕುಂಕುಮ ಇಟ್ಟಳು. ಅಷ್ಟೇ. ಸನ್ಮಾನ ಹೇಗೆ ಮಾಡಬೇಕೆಂದು ನಾನು ಅದಕ್ಕಿಂತ ಚೆನ್ನಾಗಿ ಎಲ್ಲೂ ನೋಡಿಲ್ಲ.

ಅದನ್ನೂ ಕಿಟಕಿಯಿಂದ ಕತ್ತು ಚಾಚಿ ನೋಡಿದ್ದು. ಪೂಜೆ ಮುಗಿಯುವವರೆಗೆ ನಾನು ಗಾಡಿಯೊಳಗೆ ಕೂತು, ಹ್ಯಾಂಡ್ ಬ್ರೇಕನ್ನೂ ಕಲ್ಲನ್ನೂ ನಂಬದೆ, ಕಾಲಬ್ರೇಕನ್ನು ಬಲವಾಗಿ ತುಳಿದುಕೊಂಡೇ ಇದ್ದೆ. ಮಂಗಳಾರತಿಗೆ ಭಾವ ಕರೆದರು. "ಇಲ್ಲಿಗೇ ತನ್ನಿ" ಎಂದೆ.